ಗೇಟಿಗೆ ಮುಯ್ಯಾಳು

ಪಿಳ್ಳಣ್ಣನ ಆಫೀಸಿನ ಗೋಡೆಯ ಮೇಲೆ ಮೂರು ಪಟಗಳಿದ್ದವು. ಒಂದು ಊರ ದೇವತೆ ಪಿಳ್ಳೇಕಮ್ಮನದು, ಒಂದು ತೀರಿಹೋದ ಅಪ್ಪನದು, ನಡುವೆ ಇವೆರಡಕ್ಕಿಂತ ದೊಡ್ಡದಾಗಿ ಕಟ್ಟು ಹಾಕಿಸಿದ ಸರ್ಕಾರದ ಲೈಸೆನ್ಸು. ಬೆಳಿಗ್ಗೆ ಒಂಬತ್ತಕ್ಕೆ ಬಂದು ಚಪ್ಪಲಿ ಬಿಟ್ಟು ಊದುಬತ್ತಿ ಹಚ್ಚಿದರೆ ಎರಡು ಸುತ್ತು ದೇವಿಗೆ, ಒಂದು ಸುತ್ತು ಅಪ್ಪನಿಗೆ, ಮಿಕ್ಕ ಹೊಗೆಯೆಲ್ಲ ಲೈಸೆನ್ಸಿಗೆ. ಐದು ವರ್ಷದ ಹೊಗೆ ಕುಡಿದು ಗಾಜು ಕಂದಿ, ಒಳಗೆ ಬರೆದಿದ್ದನ್ನು ಓದುವುದೇ ಕಷ್ಟವಾಗಿತ್ತು. ಪಿಳ್ಳಣ್ಣನಿಗೆ ಅದರಿಂದ ತೊಂದರೆಯೇನೂ ಆಗಿರಲಿಲ್ಲ, ಏಕೆಂದರೆ ಗಾಜು ಹೊಳೆಯುತ್ತಿದ್ದ ಕಾಲದಲ್ಲೂ ಅವನು ಅದನ್ನು ಓದಿರಲಿಲ್ಲ.

ಹೊಸಕೋಟೆಯಲ್ಲಿ ಗೊಬ್ಬರದಂಗಡಿಯ ಮೇಲಿನ ಒಂದು ಕೋಣೆ ಅವನ ಆಫೀಸು. ‘ಶ್ರೀ ಪಿಳ್ಳೇಕಮ್ಮ ಸೆಕ್ಯುರಿಟಿ ಸರ್ವೀಸಸ್’ ಎಂಬ ಬೋರ್ಡು ಗೊಬ್ಬರದ ಬೋರ್ಡಿಗಿಂತ ಒಂದಡಿ ಅಗಲವಾಗಿತ್ತು. ಬೂದಿಗೆರೆ ಹತ್ತಿರ ಎದ್ದಿದ್ದ ದೊಡ್ಡ ಅಪಾರ್ಟ್‌ಮೆಂಟೊಂದರ ಮೂರು ಗೇಟುಗಳನ್ನು ಅವನ ಕಂಪನಿಯ ಹದಿನಾಲ್ಕು ಗಾರ್ಡುಗಳು ಪಾಳಿಯ ಮೇಲೆ ಕಾಯುತ್ತಿದ್ದರು. ಎಲ್ಲರೂ ಅವನದೇ ಊರಾದ ಸಮೇತನಹಳ್ಳಿಯವರು, ಗಂಡಸರೂ ಉಂಟು, ಹೆಂಗಸರೂ ಉಂಟು. ಕಂಪ್ಯೂಟರು, ಕಾಗದಪತ್ರದ ಕೆಲಸ ಅವನ ಅಣ್ಣನ ಮಗಳು ಹರ್ಷಿತಳದು. ಗೇಟಿನ ಕೆಲಸವೆಲ್ಲ ಹೆಡ್ ಗಾರ್ಡ್ ವರಲಕ್ಷ್ಮಮ್ಮನದು. ಹರ್ಷಿತ ತಂದಿಟ್ಟ ಕಾಗದಕ್ಕೆ ಸಹಿ ಹಾಕುವುದು ಮತ್ತು ಲೈಸೆನ್ಸಿಗೆ ಊದುಬತ್ತಿ ಹಚ್ಚುವುದು ಪಿಳ್ಳಣ್ಣನದು. ಎರಡನ್ನೂ ಅವನು ಒಂದೇ ಭಕ್ತಿಯಿಂದ, ಅಂದರೆ ಅರ್ಧ ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದ.

ಲೈಸೆನ್ಸು ಬಂದ ಹೊಸದರಲ್ಲಿ ಊರ ಬೇಕರಿಯ ಮುಂದೆ ಯಾರೋ ಕೇಳಿದ್ದರು, "ಇದಿದ್ರೆ ನೀನೂ ಯಾವ್ದಾದ್ರೂ ಗೇಟಲ್ಲಿ ನಿಂತ್ಕೋಬೋದಾ ಪಿಳ್ಳಣ್ಣ?"

ಪಿಳ್ಳಣ್ಣ ಕಾಫಿ ಲೋಟ ಕೆಳಗಿಟ್ಟು ನಿಧಾನವಾಗಿ ಬಿಡಿಸಿ ಹೇಳಿದ್ದ. "ಇದು ವಾಚ್‌ಮನ್ ಕಾಗದ ಅಲ್ಲ ಕಣೋ, ಕಂಪನಿ ಕಾಗದ. ಹೊಲದ ಯಜಮಾನ ಕಳೆ ಕೀಳೋಕೆ ಯಾರನ್ನಾದ್ರೂ ಕೇಳ್ತಾನಾ? ದೊಡ್ಡ ಕಾಗದ ಇದ್ದೋನಿಗೆ ಚಿಕ್ಕ ಕಾಗದ ಅದರೊಳಗೇ ಸೇರ್ಕೊಂಡಿರ್ತದೆ."

ಬೆಂಚಿನಲ್ಲಿದ್ದವರೆಲ್ಲ ತಲೆಯಾಡಿಸಿದರು. ಅವರೂ ಒಂದು ಕಾಲಕ್ಕೆ ಹೊಲದ ಯಜಮಾನರೇ ಆಗಿದ್ದುದರಿಂದ ಅವರಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ.

ಪಿಳ್ಳಣ್ಣನ ನಾಲ್ಕು ಎಕರೆ ಲೇಔಟಿಗೆ ಹೋಗಿ ಹನ್ನೊಂದು ವರ್ಷವಾಗಿತ್ತು. ಒಳ್ಳೆಯ ಬೆಲೆಗೇ ಹೋಗಿತ್ತು, ಅದರ ಬಗ್ಗೆ ಅವನಿಗೆ ದೂರಿರಲಿಲ್ಲ. ದೂರು ಇದ್ದದ್ದು ಬೇರೆ ಕಡೆ. ಆ ಸೀಮೆಯಲ್ಲಿ ನಾಟಿಗೆ, ರಾಗಿ ಕುಯ್ಲಿಗೆ ಮುಯ್ಯಾಳು ಹೋಗುವುದುಂಟು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಕೂಲಿಯ ಮಾತಿಲ್ಲ, ಆಳಿಗೆ ಆಳು, ದಿನಕ್ಕೆ ದಿನ. ಹೊಲವೇ ಇಲ್ಲದವನನ್ನು ಕರೆದರೆ ತಿರುಗಿ ಮುಯ್ಯಿ ತೀರಿಸುವುದು ಎಲ್ಲಿ? ಹಾಗಾಗಿ ಹನ್ನೊಂದು ವರ್ಷದಿಂದ ಊರಲ್ಲಿ ಒಬ್ಬರೂ ಅವನ ಬಾಗಿಲಿಗೆ ಬಂದು "ನಾಳೆ ಒಂದಾಳು ಬೇಕಿತ್ತು" ಎಂದಿರಲಿಲ್ಲ. ಕಾರು ನಿಲ್ಲಿಸಿದರೆ ನಮಸ್ಕಾರ ಹಾಕುತ್ತಿದ್ದರು, ಕೆಲಸಕ್ಕೆ ಕರೆಯುತ್ತಿರಲಿಲ್ಲ. ಇದು ಅವನಿಗೆ ಬಹಳ ನೋವಿನ ಸಂಗತಿಯಾಗಿತ್ತು, ಯಾರಿಗೂ ಹೇಳಿಕೊಂಡಿರಲಿಲ್ಲ. ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ, ಕೂರಲು ಒಂದು ಕುರ್ಚಿ ಕೊಟ್ಟಿದ್ದು ಆ ಲೈಸೆನ್ಸು. ಅದಕ್ಕೇ ಅಷ್ಟು ಹೊಗೆ.

ಈಗ ಅದರ ಐದು ವರ್ಷ ಮುಗಿಯುತ್ತ ಬಂದಿತ್ತು.

"ಚಿಕ್ಕಪ್ಪ, ಗುರುವಾರ ಹತ್ತು ಗಂಟೆಗೆ ಎಸ್‌ಐ ಬರ್ತಾರಂತೆ," ಎಂದಳು ಹರ್ಷಿತ. "ಇಲ್ಲಿಗಲ್ಲ, ಅಪಾರ್ಟ್‌ಮೆಂಟ್‌ಗೆ. ಗೇಟಲ್ಲಿ ನಿಂತಿರೋರಿಗೆ ಟ್ರೈನಿಂಗ್ ಆಗಿದ್ಯಾ, ಪೊಲೀಸ್ ವೆರಿಫಿಕೇಷನ್ ಆಗಿದ್ಯಾ ಅಂತ ಒಬ್ಬೊಬ್ರನ್ನೇ ನೋಡಿ ರಿಪೋರ್ಟ್ ಬರೀತಾರೆ. ಅದು ಸರಿಯಾಗಿದ್ರೇನೇ ರಿನ್ಯೂವಲ್."

"ಸರಿಯಾಗಿಲ್ದಿದ್ರೆ?"

ಹರ್ಷಿತ ಗೋಡೆಯ ಕಡೆ ನೋಡಿದಳು. "ಪಟ ಇಳಿಸ್ಬೇಕಾಗ್ತದೆ."

ಪಿಳ್ಳಣ್ಣನಿಗೆ ಅಂದು ಮಧ್ಯಾಹ್ನದ ಮುದ್ದೆ ಇಳಿಯಲಿಲ್ಲ. ಹದಿನಾಲ್ಕು ಗಾರ್ಡುಗಳ ಫೋಟೋ ಇದ್ದ ಪಟ್ಟಿಯನ್ನು ಪ್ರಿಂಟ್ ತೆಗೆಸಿಕೊಂಡು, ಬುಧವಾರ ಬೆಳಿಗ್ಗೆ ತಾನೇ ಒಂದು ಸಲ ನೋಡಿ ಬರಲು ಹೊರಟ. ತಿಂಗಳಿಗೊಮ್ಮೆ ಆ ಗೇಟಿನಲ್ಲಿ ಕಾರೊಳಗಿಂದಲೇ ಕೈಯಾಡಿಸಿ ಹೋಗುವುದು ಅವನ ರೂಢಿ. ಕೆಳಗಿಳಿದು ಗಾರ್ಡಿನ ಮುಖ ನೋಡಿದ್ದು ಅದೇ ಮೊದಲು.

ಒಂದನೇ ಗೇಟಿಗೆ ಪಟ್ಟಿಯ ಪ್ರಕಾರ ಕೆಂಪರಾಜ್. ನಿಂತಿದ್ದು ಸಣಕಲು ಹೆಂಗಸೊಬ್ಬಳು, ಊರಿನವಳೇ ಆದ ರೂಪ.

"ಕೆಂಪರಾಜ್ ಎಲ್ಲಮ್ಮಾ?"

"ಬೋರ್‌ವೆಲ್ ಮೋಟ್ರು ಸುಟ್ಟೋಗದೆ ಅಂತ ಎತ್ತಿಸ್ತಾ ಅವ್ರೆ ಅಣ್ಣ. ಸಂಕ್ರಾಂತಿ ಮುಂಚೆ ನಮ್ಮ ಹೊಲದಲ್ಲಿ ಎರಡು ದಿನ ರಾಗಿ ಕುಯ್ದಿದ್ರು. ಆ ಮುಯ್ಯಿಗೆ ಬಂದಿದೀನಿ."

ಪಿಳ್ಳಣ್ಣ ಪಟ್ಟಿ ನೋಡಿದ, ರೂಪಳನ್ನು ನೋಡಿದ, ಎರಡನೇ ಗೇಟಿಗೆ ನಡೆದ. ಅಲ್ಲಿ ಕೀರ್ತನ ಎಂಬ ಇಪ್ಪತ್ತನಾಲ್ಕರ ಹುಡುಗಿ ಇರಬೇಕಿತ್ತು. ಇದ್ದದ್ದು ಅವಳ ಅತ್ತೆ ದ್ಯಾವಮ್ಮ. ಕನ್ನಡಕ ಮೂಗಿನ ತುದಿಗಿಳಿಸಿ ಕೊರಿಯರ್‌ನವನನ್ನು ಸೊಸೆ ನೋಡಲು ಬಂದ ಬೀಗರ ಕಡೆಯವನಂತೆ ವಿಚಾರಿಸುತ್ತಿದ್ದಳು. ಕೀರ್ತನ ಪರೀಕ್ಷೆ ಬರೆಯಲು ಹೋಗಿದ್ದಳು.

ಮೂರನೇ ಗೇಟಿನಲ್ಲಿ ಗೋವಿಂದರಾಜು ನಿಂತಿದ್ದ. ಪಟ್ಟಿಯಲ್ಲಿದ್ದ ಅದೇ ದಪ್ಪ ಮೀಸೆ, ಅದೇ ಸೊಟ್ಟ ನಗು. ಪಿಳ್ಳಣ್ಣನಿಗೆ ಹೋದ ಜೀವ ಬಂದಂತಾಯಿತು.

"ನೀನೊಬ್ಬನಾದ್ರೂ ಇದೀಯಲ್ಲಪ್ಪ ನಿನ್ನ ಜಾಗದಲ್ಲಿ."

"ಇವತ್ತು ಇದು ಪ್ರಮೋದಕ್ಕನ ಜಾಗ ಅಣ್ಣ, ನಾನು ಮುಯ್ಯಿಗೆ ಬಂದಿರೋದು," ಎಂದ ಗೋವಿಂದರಾಜು. "ನನ್ನ ಪಾಳಿ ನಾಳೆ. ನಾಳೆ ನಾನಿರಲ್ಲ. ತಂಗಿ ಮಗೀಗೆ ಕಿವಿ ಚುಚ್ತಾರೆ, ಸೋದರಮಾವ ತೊಡೆ ಮೇಲೆ ಕೂರಿಸ್ಕೋಬೇಕಲ್ಲ. ನನ್ನ ಬದ್ಲು ರೂಪ ಬರ್ತಾಳೆ."

ಹಗಲು ಪಾಳಿಯ ಆರು ಜನರಲ್ಲಿ ಆ ದಿನ ಪಟ್ಟಿಗೂ ಮುಖಕ್ಕೂ ತಾಳೆಯಾದದ್ದು ವರಲಕ್ಷ್ಮಮ್ಮ ಒಬ್ಬಳದೇ. ಆಕೆ ಗಾರ್ಡ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದಳು. ನಲವತ್ತೇಳರ ಗಟ್ಟಿ ಹೆಂಗಸು, ಎಂಟು ವರ್ಷ ಬೇರೆ ಬೇರೆ ಗೇಟುಗಳಲ್ಲಿ ನಿಂತು ಬಂದವಳು. ಯಾರಿಗೆ ಯಾರ ಮುಯ್ಯಿ ಬಾಕಿ ಎಂಬುದು ಸಮೇತನಹಳ್ಳಿಯಲ್ಲಿ ಆಕೆಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

"ಏನಮ್ಮಾ ವರಲಕ್ಷ್ಮಮ್ಮ, ಇದು ಸೆಕ್ಯುರಿಟಿ ಕೆಲಸವೋ ರಾಗಿ ಕುಯ್ಲೋ?"

"ಕುಯ್ಲು ಬಗ್ಗಿ ಮಾಡೋದು, ಇದು ನಿಂತು ಮಾಡೋದು. ಅಷ್ಟೇ ಅಣ್ಣ ವ್ಯತ್ಯಾಸ." ಆಕೆ ಒಂದು ತುತ್ತು ನುಂಗಿ ಕೇಳಿದಳು, "ಐದು ವರ್ಷದಾಗೆ ಒಂದು ಗಳಿಗೆ ಗೇಟ್ ಖಾಲಿ ಬಿಟ್ಟಿದ್ದು ನೋಡಿದೀಯಾ?"

ಪಿಳ್ಳಣ್ಣ ನೋಡಿರಲಿಲ್ಲ. ಗೇಟನ್ನೇ ಸರಿಯಾಗಿ ನೋಡಿರಲಿಲ್ಲ.

"ಕಾಗದದ ವಿಷ್ಯಕ್ಕೆ ನೀನು ಹೆದರ್ಬೇಡ. ನಮ್ಮ ಮುಯ್ಯಾಳುಗಳಿಗೂನೂ..."

"ನೀನೇನೂ ಹೇಳ್ಬೇಡ ತಾಯಿ. ನಾಳೆ ಪಟ್ಟಿಲಿರೋ ಮುಖ ಬಿಟ್ಟು ಇನ್ನೊಂದು ಮುಖ ನಂಗೆ ಕಾಣಬಾರ್ದು. ಮುಯ್ಯಿಗಿಯ್ಯಿ ಅಂತ ಒಬ್ರು ಸಿಕ್ಕಿಬಿದ್ರೂ ಲೈಸೆನ್ಸ್ ಹೋಯ್ತು, ನನ್ನ ಕಂಪನಿ ಹೋಯ್ತು. ನಾನು ಮತ್ತೆ ಹೋಗಿ ಬೇಕರಿ ಬೆಂಚಲ್ಲಿ ಕೂರ್ಬೇಕು."

ಕೊನೆಯ ಮಾತು ಹೇಳುವಾಗ ಅವನ ದನಿ ಸ್ವಲ್ಪ ನಡುಗಿತು. ವರಲಕ್ಷ್ಮಮ್ಮ ಅದನ್ನು ಗಮನಿಸಿ, ಹೇಳಬೇಕೆಂದಿದ್ದನ್ನು ಅನ್ನದ ಜೊತೆ ನುಂಗಿಕೊಂಡಳು. ಕೇಳುವ ಗಳಿಗೆ ತಾನಾಗಿ ಬರುತ್ತದೆಂದು ಆಕೆಗೆ ಗೊತ್ತಿತ್ತು.

ಗುರುವಾರ ಒಂಬತ್ತಕ್ಕೆ ಪಿಳ್ಳಣ್ಣ ಅಪಾರ್ಟ್‌ಮೆಂಟಿಗೆ ಬಂದಾಗ ಕೆಂಪರಾಜ್ ಇದ್ದ, ಕೀರ್ತನ ಇದ್ದಳು, ಪ್ರಮೋದಾ ಇದ್ದಳು. ಹಗಲು ಪಾಳಿಯವರೆಲ್ಲ ಪಟ್ಟಿಯಿಂದ ಎದ್ದು ಬಂದಂತೆ ನಿಂತಿದ್ದರು, ಒಬ್ಬನನ್ನು ಬಿಟ್ಟು. ಮೂರನೇ ಗೇಟಿನಲ್ಲಿ ಗೋವಿಂದರಾಜುವಿನ ಬದಲು ರೂಪ ನಿಂತಿದ್ದಳು. ಇಂದಿನದು ಬೇರೆ ಮುಯ್ಯಿ, ಅದರ ಕಥೆ ಕೇಳುವ ತಾಳ್ಮೆ ಪಿಳ್ಳಣ್ಣನಿಗಿರಲಿಲ್ಲ.

"ಹೋಗಮ್ಮಾ ನೀನು. ಎಸ್‌ಐ ಬರೋ ಹೊತ್ತಾಯ್ತು."

"ಗೇಟ್ ಯಾರು ನೋಡ್ಕೋತಾರೆ?"

"ನಾನಿದೀನಿ."

ರೂಪ ಅವನನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿ, ಟಿಫನ್ ಡಬ್ಬಿ ಎತ್ತಿಕೊಂಡು ರಸ್ತೆಯಾಚೆಯ ಹೊಂಗೆ ಮರದ ಕೆಳಗೆ ಹೋಗಿ ಕುಳಿತಳು. ಊರಿಗೆ ಹೋಗಲಿಲ್ಲ. ಮುಯ್ಯಿಗೆ ಬಂದವಳು ದಿನ ಮುಗಿಯದೆ ತಿರುಗಿ ಹೋಗುವ ಪದ್ಧತಿ ಇರಲಿಲ್ಲ.

ವರಲಕ್ಷ್ಮಮ್ಮ ಆಗ ಒಂದನೇ ಗೇಟಿನಲ್ಲಿ ಅಡ್ಡ ನಿಂತಿದ್ದ ನೀರಿನ ಟ್ಯಾಂಕರನ್ನು ಸರಿಸುತ್ತಿದ್ದಳು. ಅವಳನ್ನು ಕೇಳಬೇಕೆಂದು ಪಿಳ್ಳಣ್ಣನಿಗೆ ಅನ್ನಿಸಲೂ ಇಲ್ಲ. ಹೊಲ ನನ್ನದು, ಕಳೆ ಕೀಳುವವನು ಬಂದಿಲ್ಲ, ನಾನೇ ಬಗ್ಗುತ್ತೇನೆ. ಗಾರ್ಡ್ ರೂಮಿನ ಮೊಳೆಗೆ ಗೋವಿಂದರಾಜುವಿನ ಯೂನಿಫಾರ್ಮ್ ಶರ್ಟು ತೂಗುತ್ತಿತ್ತು. ಕೈಗಳು ಸಲೀಸಾಗಿ ಒಳಗೆ ಹೋದವು, ಹೊಟ್ಟೆ ಮಾತ್ರ ಒಪ್ಪಲಿಲ್ಲ. ಉಸಿರು ಬಿಗಿಹಿಡಿದು ನಾಲ್ಕು ಗುಂಡಿ ಹಾಕಿದ, ಐದನೆಯದರ ಆಸೆ ಬಿಟ್ಟ. ಟೋಪಿ ಇಟ್ಟುಕೊಂಡ. ಕೊರಳಲ್ಲಿ ಕಾರ್ಡು ಇಲ್ಲದಿದ್ದರೆ ಕಳೆಯೇ ಬರುವುದಿಲ್ಲವೆಂದು ಅದೇ ಮೊಳೆಯಲ್ಲಿದ್ದ ಗೋವಿಂದರಾಜುವಿನ ಕಾರ್ಡನ್ನೂ ತಗುಲಿಸಿಕೊಂಡ. ಕಾರ್ಡಿನೊಳಗೆ ದಪ್ಪ ಮೀಸೆ, ಮೇಲೆ ಪಿಳ್ಳಣ್ಣನ ನುಣ್ಣನೆ ಮುಖ.

ಮೊದಲ ಹತ್ತು ನಿಮಿಷ ಅವನಿಗೆ ಬಹಳ ಖುಷಿಯಾಯಿತು. ಗೇಟು ತೆಗೆದ, ಹಾಕಿದ. ಊಟ ತರುವ ಸ್ಕೂಟರಿನವನು "ಅಂಕಲ್, ಬೇಗ" ಎಂದ. ಕ್ಯಾಬಿನವನು ಹಾರನ್ ಹೊಡೆದ. ಮುಖದ ಮೇಲೆ ಬಿಸಿಲು ಬಿತ್ತು. ಅಷ್ಟರಲ್ಲಿ ಅಸೋಸಿಯೇಷನ್ ಸೆಕ್ರೆಟರಿಯ ಬಿಳಿ ಕಾರು ಬಂತು. ಹೋದ ವಾರವಷ್ಟೇ ಪಿಳ್ಳಣ್ಣನ ಹೆಗಲ ಮೇಲೆ ಕೈಹಾಕಿ ಕಾಫಿ ಕುಡಿಸಿದ್ದ ಮನುಷ್ಯ. ಪಿಳ್ಳಣ್ಣ ನಗುತ್ತ ಕೈಯೆತ್ತಿದ. ಸೆಕ್ರೆಟರಿ ಫೋನಿನಿಂದ ಕಣ್ಣೆತ್ತದೆ "ಗೇಟ್" ಎಂದರು, ಗೇಟು ತೆರೆಯಿತು, ಕಾರು ಹೋಯಿತು.

ಪಿಳ್ಳಣ್ಣನಿಗೆ ಕೆಟ್ಟದೆನಿಸಿತು. ಎದುರಿಗೇ ನಿಂತರೂ ಗುರುತು ಸಿಗಲಿಲ್ಲವಲ್ಲ ಎಂದು ಮೊದಲು ಸಿಟ್ಟು ಬಂತು. ಆಮೇಲೆ ತಾನೂ ಐದು ವರ್ಷ ಇದೇ ಗೇಟಿನಲ್ಲಿ ಹೀಗೆಯೇ ಹೋದದ್ದು ನೆನಪಾಗಿ ಸಿಟ್ಟು ಇಳಿದು ನಾಚಿಕೆ ಉಳಿಯಿತು. ದ್ಯಾವಮ್ಮನೋ ಕೀರ್ತನಳೋ ಎಂದು ತನಗೆ ನಿನ್ನೆಯವರೆಗೆ ತಿಳಿಯದೆ ಹೋದದ್ದು ಸೋಜಿಗವೇನಲ್ಲ ಎನಿಸಿತು.

ಹತ್ತಕ್ಕೆ ಐದು ನಿಮಿಷವಿರುವಾಗ ಹೆಲ್ಮೆಟ್ ಹಾಕಿಕೊಂಡ ಚೆಕ್ಸ್ ಶರ್ಟಿನವನೊಬ್ಬ ಬೈಕಿನಲ್ಲಿ ಬಂದ. ಪಿಳ್ಳಣ್ಣ ಈಗ ಹದಕ್ಕೆ ಬಂದಿದ್ದ. ಕೈ ಅಡ್ಡ ಹಿಡಿದು, ಹೆಲ್ಮೆಟ್ ತೆಗೆಸಿ, ರಿಜಿಸ್ಟರ್ ಮುಂದಿಟ್ಟ.

"ಹೆಸರು, ಫೋನ್ ನಂಬರ್, ಯಾರ ಮನೆಗೆ, ಎಲ್ಲಾ ಬರೀಬೇಕು. ಬರೀದೆ ಬಿಡೋದಿಲ್ಲ."

ಬಂದವನು ಮರುಮಾತಾಡದೆ ಬರೆದ. ಪಿಳ್ಳಣ್ಣ ತಲೆ ವಾರೆ ಮಾಡಿ ಓದಿದ: ಅನಿಲ್‌ಕುಮಾರ್, ಸಬ್ ಇನ್‌ಸ್ಪೆಕ್ಟರ್. ಯಾರ ಮನೆಗೆ ಎಂಬಲ್ಲಿ ‘ಗೇಟಿಗೆ’ ಎಂದು ಬರೆದಿತ್ತು.

"ಚೆನ್ನಾಗಿ ನಿಲ್ಸಿದ್ರಿ," ಎಂದರು ಎಸ್‌ಐ. "ಅರ್ಧ ಜನ ಹೆಲ್ಮೆಟ್ ತೆಗೆಸೋದೇ ಇಲ್ಲ. ಎಲ್ಲಿ, ನಿಮ್ಮ ಕಾರ್ಡ್ ತೋರ್ಸಿ."

ಪಿಳ್ಳಣ್ಣನ ಕೈ ಕಾರ್ಡಿನ ಮೇಲೆ ಹೋಗಿ ಅಲ್ಲೇ ನಿಂತಿತು. ಎಸ್‌ಐ ಅವನ ಬೆರಳು ಸರಿಸಿ ನೋಡಿದರು. ಕಾರ್ಡು ನೋಡಿದರು, ಮುಖ ನೋಡಿದರು, ಮತ್ತೆ ಕಾರ್ಡು ನೋಡಿದರು.

"ಮೀಸೆ ಯಾವಾಗ ತೆಗೆಸಿದ್ರಿ ಗೋವಿಂದರಾಜು ಅವ್ರೇ?"

"ನಾನು ಗೋವಿಂದರಾಜು ಅಲ್ಲ ಸಾರ್." ಪಿಳ್ಳಣ್ಣ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಇನ್ನು ಎಲ್ಲ ಸರಿಹೋಗುತ್ತದೆಂಬ ಧೈರ್ಯದಲ್ಲಿ ಹೇಳಿದ, "ನಾನು ಪಿಳ್ಳಣ್ಣ. ಕಂಪನಿ ಓನರ್ರು. ಲೈಸೆನ್ಸ್ ನನ್ನ ಹೆಸರಲ್ಲೇ ಅದೆ."

"ಗೊತ್ತು. ಅದರ ರಿನ್ಯೂವಲ್‌ಗೇ ಬಂದಿರೋದು. ಈ ಗೇಟಿನ ಗಾರ್ಡ್ ಎಲ್ಲಿ?"

"ಅವನು ಬಂದಿಲ್ಲ, ಅದಕ್ಕೆ ನಾನೇ ನಿಂತಿದೀನಿ."

"ನಿಮಗೆ ಗಾರ್ಡ್ ಟ್ರೈನಿಂಗ್ ಆಗಿದ್ಯಾ?"

"ನಂಗ್ಯಾಕೆ ಸಾರ್ ಟ್ರೈನಿಂಗು? ಕಂಪನಿ ಲೈಸೆನ್ಸೇ ಇದ್ಯಲ್ಲ." ಪಿಳ್ಳಣ್ಣ ಹೊಲದ ಯಜಮಾನನ ಮಾತನ್ನು, ಕಳೆಯ ಮಾತನ್ನು, ದೊಡ್ಡ ಕಾಗದದೊಳಗೆ ಸೇರಿಕೊಂಡ ಚಿಕ್ಕ ಕಾಗದದ ಮಾತನ್ನು ಬೇಕರಿಯಲ್ಲಿ ಹೇಳಿದಷ್ಟೇ ಚೆಂದವಾಗಿ ಹೇಳಿದ. ಎಸ್‌ಐ ಪೂರ್ತಿ ಕೇಳಿಸಿಕೊಂಡರು. ಅವರ ಮನೆಯವರೂ ದೊಡ್ಡಬಳ್ಳಾಪುರದ ಕಡೆಯ ರೈತರೇ, ಮಾತು ಅರ್ಥವಾಗದೆ ಇರಲಿಲ್ಲ.

"ಬಸ್ ಓನರ್ ಹತ್ರ ಪರ್ಮಿಟ್ ಇರ್ತದೆ," ಎಂದರು. "ಅಂತ ಅವನನ್ನ ಡ್ರೈವರ್ ಸೀಟಲ್ಲಿ ಕೂರಿಸಿದ್ರೆ ನೀವು ಹತ್ತಿ ಕೂತ್ಕೋತೀರಾ?"

ಪಿಳ್ಳಣ್ಣನಿಗೆ ತಾನು ಹತ್ತುವುದಿಲ್ಲ ಎಂಬುದು ತಕ್ಷಣ ಹೊಳೆಯಿತು.

"ನಿಮ್ಮದು ಕಂಪನಿ ನಡೆಸೋ ಲೈಸೆನ್ಸು. ನಿಲ್ಲೋರಿಗೆ ತರಬೇತಿ ಬೇರೆ, ಮೈ ಪರೀಕ್ಷೆ ಬೇರೆ, ಗಾರ್ಡ್ ಅಂತ ವೆರಿಫಿಕೇಷನ್ ಬೇರೆ. ಒಂದಿದ್ರೆ ಇನ್ನೊಂದು ಇದ್ದಂಗಲ್ಲ. ತರಬೇತಿ ಇಲ್ದೋನನ್ನ ಗೇಟಲ್ಲಿ ನಿಲ್ಲಿಸ್ಬಾರ್ದು ಅಂತಾನೇ ನಿಮಗೆ ಲೈಸೆನ್ಸ್ ಕೊಟ್ಟಿರೋದು. ನೀವು ಅಂಥೋನೊಬ್ಬನನ್ನ ನಿಲ್ಲಿಸಿದೀರ, ಅದೂ ಇನ್ನೊಬ್ಬನ ಕಾರ್ಡ್ ಹಾಕಿ. ಈಗ ನಾನೇನು ಬರೀಲಿ?"

ಪಟ ಇಳಿಸಿದ ಮೇಲೆ ಗೋಡೆಯ ಮೇಲೆ ಉಳಿಯುವ ಚೌಕದ ಬಿಳಿ ಗುರುತು ಪಿಳ್ಳಣ್ಣನ ಕಣ್ಣಿಗೆ ಕಟ್ಟಿತು. ಆಮೇಲೆ ಬೇಕರಿ ಬೆಂಚು ಕಂಡಿತು, ಅದರ ಮೇಲೆ ತನಗಾಗಿ ಜಾಗ ಬಿಟ್ಟು ಸರಿದು ಕೂರುವವರು ಕಂಡರು. ಅವನು ಎಸ್‌ಐಯನ್ನು ಬಿಟ್ಟು ಒಂದನೇ ಗೇಟಿನ ಕಡೆ ತಿರುಗಿ ಕೂಗಿದ. "ವರಲಕ್ಷ್ಮಮ್ಮ. ಸ್ವಲ್ಪ ಬಾರಮ್ಮ ಇಲ್ಲಿ."

ವರಲಕ್ಷ್ಮಮ್ಮ ಓಡದೆ, ನಡೆದೇ ಬಂದಳು. ಕಂಕುಳಲ್ಲಿ ಸೀರೆ ಅಂಗಡಿಯ ದಪ್ಪ ಪ್ಲಾಸ್ಟಿಕ್ ಕವರಿತ್ತು. ಗೋವಿಂದರಾಜುವಿನ ಶರ್ಟಿನೊಳಗೆ ಸಿಕ್ಕಿಕೊಂಡ ಓನರನ್ನು ನೋಡಿ ಆಕೆಯ ತುಟಿ ಸ್ವಲ್ಪ ಅಲುಗಿತು, ಅಷ್ಟೇ. ಎಸ್‌ಐಗೆ ನಮಸ್ಕರಿಸಿ ಕವರಿನೊಳಗಿನದನ್ನು ಗೇಟಿನ ಮೇಜಿನ ಮೇಲೆ ಸುರಿದಳು. ಮೂವತ್ತೊಂದು ಜನರ ತರಬೇತಿ ಸರ್ಟಿಫಿಕೇಟು, ವೆರಿಫಿಕೇಷನ್ ಕಾಗದ, ಕಂಪನಿಯ ಫೋಟೋ ಕಾರ್ಡಿನ ನಕಲು, ಒಬ್ಬೊಬ್ಬರದು ಒಂದೊಂದು ಪಿನ್ನು ಹೊಡೆದಿತ್ತು. ಕೆಂಪರಾಜ್ ಇದ್ದ. ದ್ಯಾವಮ್ಮ ಇದ್ದಳು. ರೂಪ ಇದ್ದಳು.

"ಹದಿನಾಲ್ಕು ಜನ ಅಂದಿದ್ರಲ್ಲ?" ಎಂದರು ಎಸ್‌ಐ.

"ಹದಿನಾಲ್ಕು ಜನ ಖಾಯಂ ಸಾರ್. ಮಿಕ್ಕೋರು ಮುಯ್ಯಾಳುಗಳು. ವರ್ಷಕ್ಕೆ ಒಂದು ಬ್ಯಾಚು ಟ್ರೈನಿಂಗ್‌ಗೆ ಹೋಗ್ತದೆ, ಆವಾಗೆಲ್ಲ ಇವ್ರನ್ನೂ ಕಳಿಸಿದೀನಿ. ಯಾರು ನಿಲ್ತಾರೋ ಡ್ಯೂಟಿ ಬುಕ್ಕಲ್ಲಿ ಅವ್ರದ್ದೇ ಸಹಿ ಇರ್ತದೆ, ಬೇರೆಯವ್ರ ಹೆಸರಲ್ಲಿ ಯಾರೂ ನಿಲ್ಲಲ್ಲ." ಇಲ್ಲಿ ಆಕೆ ಪಿಳ್ಳಣ್ಣನ ಕೊರಳಿನ ಕಾರ್ಡಿನ ಕಡೆ ನೋಡಲಿಲ್ಲ, ನೋಡದಿದ್ದದ್ದು ಎಲ್ಲರಿಗೂ ಕಾಣಿಸಿತು.

"ದಿನಾಲೂ ನಿಲ್ಲದೋರಿಗೆ ಟ್ರೈನಿಂಗ್ ಯಾಕೆ ಕೊಡಿಸಿದ್ರಿ?"

"ನಾಟಿ ಗೊತ್ತಿಲ್ದೋರನ್ನ ನಾಟಿಗೆ ಮುಯ್ಯಾಳು ಕಳಿಸ್ತೀವಾ ಸಾರ್? ಪೈರು ಕೆಟ್ಟು ಮರ್ಯಾದೆ ಹೋಗ್ತದೆ. ಕೆಲಸ ಕಲಿತೋರನ್ನೇ ಕಳಿಸ್ಬೇಕು."

ಎಸ್‌ಐ ಕಾಗದಗಳನ್ನು ಒಂದೊಂದಾಗಿ ತಿರುವಿದರು. ಪ್ರತಿ ಅರ್ಜಿಯ ಕೆಳಗೂ ‘ಮಾಲೀಕರು’ ಎಂಬಲ್ಲಿ ಪಿಳ್ಳಣ್ಣನ ಉದ್ದ ಬಾಲದ ಸಹಿ ಇತ್ತು. "ಇವೆಲ್ಲ ನೀವೇ ಸಹಿ ಹಾಕಿರೋದಾ?"

"ಹೌದು ಸಾರ್," ಎಂದ ಪಿಳ್ಳಣ್ಣ, ತನ್ನ ಕಂಪನಿಯಲ್ಲಿ ಮೂವತ್ತೊಂದು ಜನರಿದ್ದಾರೆಂಬುದನ್ನು ಎಸ್‌ಐಯ ಜೊತೆಜೊತೆಗೇ ತಿಳಿದುಕೊಳ್ಳುತ್ತ.

ಹೊಂಗೆ ಮರದ ಕೆಳಗಿನಿಂದ ರೂಪ ಆಗಲೇ ಎದ್ದು ಬಂದು, ತನ್ನ ಕಾರ್ಡು ತಾನು ಹಾಕಿಕೊಂಡು ಗೇಟಿನ ಪಕ್ಕ ನಿಂತಿದ್ದಳು. ಎಸ್‌ಐ ಅವಳನ್ನು ನಾಲ್ಕು ಪ್ರಶ್ನೆ ಕೇಳಿದರು. ಬೆಂಕಿ ಬಿದ್ದರೆ ಏನು ಮಾಡುತ್ತೀಯ ಎಂದದ್ದಕ್ಕೆ ಅವಳು ಲಿಫ್ಟ್ ನಿಲ್ಲಿಸುವುದರಿಂದ ಹಿಡಿದು ಒಂದೇ ಉಸಿರಿಗೆ ಎಲ್ಲ ಹೇಳಿದಳು. ಅದೇ ಪ್ರಶ್ನೆಯನ್ನು ಎಸ್‌ಐ ಪಿಳ್ಳಣ್ಣನಿಗೂ ಕೇಳಿದರು. ಅವನು ಸ್ವಲ್ಪ ಯೋಚಿಸಿ, "ವರಲಕ್ಷ್ಮಮ್ಮನ್ನ ಕೂಗ್ತೀನಿ" ಎಂದ. ನಗಬಾರದೆಂದುಕೊಂಡಿದ್ದ ಎಸ್‌ಐ ನಕ್ಕುಬಿಟ್ಟರು.

ಆದರೆ ರಿಪೋರ್ಟಿನಲ್ಲಿ ಅವರು ನಗಲಿಲ್ಲ. ಮರೆಮಾಚಲೂ ಇಲ್ಲ. ಮೇಜಿನ ಮೇಲೆಯೇ ಬರೆದು ಗಟ್ಟಿಯಾಗಿ ಓದಿದರು: "ಗಾರ್ಡುಗಳ ಬಗ್ಗೆ ಯಾವ ಆಕ್ಷೇಪಣೆಯೂ ಇಲ್ಲ. ಮಾಲೀಕರ ಬಗ್ಗೆ ಒಂದು ಆಕ್ಷೇಪಣೆ ಇದೆ. ತರಬೇತಿ ಇಲ್ಲದ ಸದರಿ ವ್ಯಕ್ತಿಯನ್ನು ಗೇಟಿನಿಂದ ತಕ್ಷಣ ತೆರವುಗೊಳಿಸಲಾಯಿತು." ಕೆಳಗೆ, ತರಬೇತಿ ಪಡೆಯುವವರೆಗೆ ಇನ್ನು ಮುಂದೆ ಯಾವ ಗೇಟಿನಲ್ಲೂ ನಿಲ್ಲುವುದಿಲ್ಲವೆಂದು ಮಾಲೀಕರು ಮುಚ್ಚಳಿಕೆ ಬರೆದುಕೊಟ್ಟರೆ ರಿನ್ಯೂವಲ್‌ಗೆ ಅಡ್ಡಿಯಿಲ್ಲ ಎಂದಿತ್ತು. ಪಿಳ್ಳಣ್ಣ ಮುಚ್ಚಳಿಕೆಗೆ ಸಹಿ ಹಾಕಿದ. ಹಾಕುವ ಮೊದಲು ಎರಡು ಸಲ ಓದಿದ.

ಎಸ್‌ಐ ಹೋದ ಮೇಲೆ ವರಲಕ್ಷ್ಮಮ್ಮ ಕೈ ಚಾಚಿದಳು. "ಶರ್ಟ್ ಬಿಚ್ಚಿಕೊಡಣ್ಣ, ಗುಂಡಿ ಕಿತ್ತೋಗದೆ. ಹೊಲಿದಿಡ್ತೀನಿ."

"ಇವೆಲ್ಲ ಇದೆ ಅಂತ ನಿನ್ನೆ ಯಾಕಮ್ಮ ಹೇಳ್ಲಿಲ್ಲ?"

"ನೀನೇನೂ ಹೇಳ್ಬೇಡ ತಾಯಿ ಅಂದಲ್ಲ," ಎಂದಳು ಆಕೆ.

ಮಾರನೇ ದಿನ ಒಂಬತ್ತಕ್ಕೆ ಪಿಳ್ಳಣ್ಣ ಆಫೀಸಿನ ಮೆಟ್ಟಿಲು ಹತ್ತಿ ಬಂದರೆ ಅವನ ಕುರ್ಚಿಯಲ್ಲಿ ಗೋವಿಂದರಾಜು ಕುಳಿತಿದ್ದ. ಹೊಸ ಶರ್ಟು, ಹಣೆಯಲ್ಲಿ ಕುಂಕುಮ, ಲೈಸೆನ್ಸಿನ ಪಟದ ಕೆಳಗೆ ಎರಡು ಕೈಯನ್ನೂ ಮೊಣಕಾಲ ಮೇಲಿಟ್ಟುಕೊಂಡು ನೆಂಟರ ಮನೆಯಲ್ಲಿ ಕೂತ ಹಾಗೆ ಕೂತಿದ್ದ. ಮೂಲೆಯಲ್ಲಿ ಹರ್ಷಿತ ಕಂಪ್ಯೂಟರಿನ ಹಿಂದೆ ಮುಖ ಬಚ್ಚಿಟ್ಟುಕೊಂಡಿದ್ದಳು.

"ಏನೋ ಇದು?"

"ಮುಯ್ಯಿ ತೀರಿಸೋಕೆ ಬಂದೆ ಅಣ್ಣ. ನೆನ್ನೆ ನನ್ನ ಜಾಗದಲ್ಲಿ ನೀನು ನಿಂತ್ಕೊಂಡೆಯಂತೆ. ಇವತ್ತು ನಿನ್ನ ಜಾಗದಲ್ಲಿ ನಾನು."

"ಏಳೋ ಮೇಲೆ. ಅಲ್ಲಿ ಕೂರೋಕೆ ಲೈಸೆನ್ಸ್ ಬೇಕು."

"ಗೇಟಲ್ಲಿ ನಿಲ್ಲೋಕೂ ಬೇಕಿತ್ತಂತಲ್ಲ."

ಪಿಳ್ಳಣ್ಣ ಚಪ್ಪಲಿ ಬಿಟ್ಟು ಒಳಗೆ ಬಂದ.

"ಎಷ್ಟೊತ್ತು ನಿಂತಿದ್ದೆ?" ಎಂದು ಗೋವಿಂದರಾಜು ಗಂಭೀರವಾಗಿ ಕೇಳಿದ.

"ಐವತ್ತು ನಿಮಿಷ."

"ಹಂಗಾದ್ರೆ ಐವತ್ತು ನಿಮಿಷ ಕೂರ್ತೀನಿ. ಯಾವ್ದಕ್ಕೂ ಸಹಿ ಹಾಕಲ್ಲ, ಫೋನ್ ಎತ್ತಲ್ಲ, ಬರೀ ಕೂರ್ತೀನಿ. ನಿನ್ನ ಮುಯ್ಯಿ ನನ್ನ ತಲೆ ಮೇಲೆ ಇರೋದು ಬೇಡ."

ಪಿಳ್ಳಣ್ಣ ಬಂದವರಿಗೆಂದು ಹಾಕಿದ್ದ ಬೆಂಚಿನ ಮೇಲೆ ಕುಳಿತ. ಹನ್ನೊಂದು ವರ್ಷದ ಮೇಲೆ ಊರಿನವನೊಬ್ಬ ತನಗೆ ಮುಯ್ಯಿ ಬಾಕಿ ಎಂದು ನೆನಪಿಟ್ಟು, ಕಿವಿ ಚುಚ್ಚಿದ ಮನೆಯ ಹೋಳಿಗೆ ಬಿಟ್ಟು ಬೆಳಿಗ್ಗೆಯೇ ಬಸ್ಸು ಹತ್ತಿ ಬಂದಿದ್ದ. ಪಿಳ್ಳಣ್ಣ ಟವಲಿನಿಂದ ಮುಖ ಒರೆಸಿಕೊಂಡ. ಬೆವರು ಎಂದುಕೊಳ್ಳುವವರು ಎಂದುಕೊಳ್ಳಲಿ ಎಂದು ಸ್ವಲ್ಪ ಹೊತ್ತು ಒರೆಸುತ್ತಲೇ ಇದ್ದ. ಐವತ್ತು ನಿಮಿಷ ಮುಗಿದ ಮೇಲೆ ಗೋವಿಂದರಾಜು ಎದ್ದು, ಕುರ್ಚಿಯನ್ನು ಕೈಯಿಂದ ಒಂದು ಸಲ ಒರೆಸಿ ಹೋದ.

ಅವನು ಮೆಟ್ಟಿಲಿಳಿದದ್ದೇ ತಡ ಪಿಳ್ಳಣ್ಣ ಹರ್ಷಿತಳಿಗೆ ಹೇಳಿದ, "ಮುಂದಿನ ಟ್ರೈನಿಂಗ್ ಬ್ಯಾಚಲ್ಲಿ ನನ್ನ ಹೆಸರೂ ಸೇರಿಸಮ್ಮ."

"ನೀವು ನಿಲ್ಲಲ್ಲ ಅಂತ ಬರ್ಕೊಟ್ಟಾಯ್ತಲ್ಲ ಚಿಕ್ಕಪ್ಪ, ಇನ್ನ್ಯಾಕೆ?"

"ತರಬೇತಿ ಆಗೋವರ್ಗೂ ನಿಲ್ಲಲ್ಲ ಅಂತ ಬರ್ಕೊಟ್ಟಿರೋದು. ಈ ಸಲ ಓದಿದೀನಿ."

ಐವತ್ತೊಂಬತ್ತರ ಪಿಳ್ಳಣ್ಣ ಅರ್ಧ ವಯಸ್ಸಿನವರ ನಡುವೆ ಇಪ್ಪತ್ತು ದಿನ ಕುಳಿತು ಕಲಿತ. ಬೆಂಕಿ ಬಿದ್ದರೆ ಏನು ಮಾಡಬೇಕೆಂಬುದನ್ನು ನಿದ್ದೆಯಲ್ಲೂ ಹೇಳುವಂತಾದ. ಕಷ್ಟವಾದದ್ದು ಓಟ. ಒಂದು ಕಿಲೋಮೀಟರನ್ನು ಆರು ನಿಮಿಷದೊಳಗೆ ಓಡಬೇಕಿತ್ತು. ಮೊದಲ ದಿನ ಸಮೇತನಹಳ್ಳಿಯ ಕೆರೆ ಏರಿಯ ಮೇಲೆ ಒಂಬತ್ತು ನಿಮಿಷ ಹಿಡಿಯಿತು. ವರಲಕ್ಷ್ಮಮ್ಮ ಪ್ರತಿದಿನ ಬೆಳಿಗ್ಗೆ ಏರಿಯ ತುದಿಯಲ್ಲಿ ಫೋನು ಹಿಡಿದು ನಿಂತು, ಅವನು ಬಂದು ಮುಟ್ಟಿದಾಗ ನಿಮಿಷ ಹೇಳಿ ಇನ್ನೇನೂ ಹೇಳದೆ ಡ್ಯೂಟಿಗೆ ಹೋಗುತ್ತಿದ್ದಳು. ಒಂದು ದಿನ "ಐದು ಐವತ್ತೆಂಟು" ಎಂದಳು. ಪಿಳ್ಳಣ್ಣ ಏರಿಯ ಮೇಲೇ ಮಲಗಿಬಿಟ್ಟ.

ಲೈಸೆನ್ಸು ಹೊಸದಾಗಿ ಬಂದಿತ್ತು. ಹರ್ಷಿತ ಗಾಜು ಒರೆಸಿ ಅದನ್ನು ಹಳೆಯ ಜಾಗದಲ್ಲೇ ತೂಗುಹಾಕಿದಳು. ಗಾರ್ಡ್ ಸರ್ಟಿಫಿಕೇಟನ್ನೂ ಕಟ್ಟು ಹಾಕಿಸೋಣವೇ ಎಂದು ಕೇಳಿದಳು. ಬೇಡವೆಂದ ಪಿಳ್ಳಣ್ಣ ಅದನ್ನು ತೆಗೆದುಕೊಂಡು ಹೋಗಿ ವರಲಕ್ಷ್ಮಮ್ಮನ ಸೀರೆ ಕವರಿನಲ್ಲಿಟ್ಟು ಬಂದ. ಮೂವತ್ತೆರಡನೆಯದು.

ಎಂಟು ದಿನ ಕಳೆದ ಮೇಲೆ ಆಕೆಯ ಫೋನು ಬಂತು. "ಅಣ್ಣ, ಭಾನುವಾರ ಪ್ರಮೋದಳ ಮನೇಲಿ ಗೃಹಪ್ರವೇಶ. ಮೂರನೇ ಗೇಟಿಗೆ ಒಂದಾಳು ಬೇಕಿತ್ತು."

ಪಿಳ್ಳಣ್ಣ ಕುರ್ಚಿಯಿಂದ ಎದ್ದು ನಿಂತ. ಕುಳಿತುಕೊಂಡು ಉತ್ತರ ಕೊಡುವ ಮಾತಲ್ಲ ಅದು.

"ಮುಯ್ಯಿಗೆ ಅವಳು ಸೋಮವಾರ ಬಂದು ನಿನ್ನ ಆಫೀಸಲ್ಲಿ ಕೂರ್ತಾಳಂತೆ," ಎಂದಳು ವರಲಕ್ಷ್ಮಮ್ಮ.

"ಕೂರ್ಲಿ. ಆದ್ರೆ ಸಹಿ ಮಾತ್ರ ನಾನೇ ಹಾಕ್ಬೇಕು. ಅದಕ್ಕೆ ಲೈಸೆನ್ಸ್ ಬೇಕು."

"ಸಹಿ ನೀನೇ ಹಾಕಣ್ಣ. ಓದೋಕೆ ಲೈಸೆನ್ಸ್ ಬೇಡ ತಾನೇ, ಅದನ್ನ ಅವಳು ಮಾಡ್ತಾಳೆ."

ಪಿಳ್ಳಣ್ಣ ಗಟ್ಟಿಯಾಗಿ ನಕ್ಕು, ಭಾನುವಾರ ಎಷ್ಟು ಹೊತ್ತಿಗೆ ಬರಲಿ ಎಂದು ಕೇಳಿದ.